ನಿಜನಾಮದ ಹಠ

ಕನ್ನಡ ಸಂಶೋಧನೆಗೆ ಒಂದು ಹಳೆಯ ಚಟವಿದೆ. ಯಾವ ಹೆಸರು ಎದುರಾದರೂ ಅದರ ಹಿಂದೆ ಇನ್ನೊಂದು ಹೆಸರಿರಬೇಕೆಂದು ಅಗೆಯುವುದು, ಸಿಕ್ಕಿದ್ದನ್ನು ‘ನಿಜನಾಮ’ವೆಂದು ದಾಖಲಿಸುವುದು. ತಾನಾಗಿ ಆರಿಸಿಕೊಂಡ ಹೆಸರು ತೋರಿಕೆಯದು, ತೊಟ್ಟಿಲಲ್ಲಿ ಇತರರು ಇಟ್ಟದ್ದೇ ನಿಜ ಎಂಬ ತೀರ್ಪನ್ನು ಕೊಡಲು ನಾವಾರು?

ಶ್ರವಣಬೆಳಗೊಳದ ಚಂದ್ರಗಿರಿಯ, ಕ್ರಿ.ಶ. ಸುಮಾರು 600ರ ಶಾಸನದಲ್ಲಿ ಪ್ರಭಾಚಂದ್ರನೆಂಬ ಆಚಾರ್ಯನ ಉಲ್ಲೇಖವಿದೆ. ಅದು ಚಂದ್ರಗುಪ್ತ ಮೌರ್ಯನ ದೀಕ್ಷಾನಾಮವೆಂದು ಬಿ.ಎಲ್. ರೈಸ್ ವಾದಿಸಿದರು, ಜೆ.ಎಫ್. ಫ್ಲೀಟ್ ಒಪ್ಪಲಿಲ್ಲ. ಚರ್ಚೆ ಶತಮಾನ ದಾಟಿತು. ಶಾಸನ ಮಾತ್ರ ಆ ಆಚಾರ್ಯನ ಪೂರ್ವಾಶ್ರಮದ ವಿಷಯದಲ್ಲಿ ಮೌನವಾಗಿದೆ. ಅದೇ ಬೆಟ್ಟದ ನಿಸಿದಿಗಳಲ್ಲಿ ಸಂಘದ ಹೆಸರು, ಗುರುವಿನ ಹೆಸರು, ನೋಂತ ವ್ರತ ಸಿಗುತ್ತವೆ; ಬಿಟ್ಟುಬಂದ ಮನೆಯ ಹೆಸರು ಬಹುಮಟ್ಟಿಗೆ ಸಿಗುವುದಿಲ್ಲ. ಅದು ಕಲ್ಲುಕುಟಿಗನ ಮರೆವಲ್ಲ. ದೀಕ್ಷೆಯೆಂದರೆ ಹಳೆಯ ಹೆಸರಿನ ಲೆಕ್ಕ ಚುಕ್ತಾ ಆಯಿತೆಂದು ಸಮಾಜವೇ ಒಪ್ಪಿದ ಏರ್ಪಾಡು. ಸಾವಿರದ ನಾನೂರು ವರ್ಷಗಳ ಹಿಂದಿನ ಮುನಿಗೆ ನಮ್ಮ ಅಗೆತದಿಂದ ನೋವಾಗದು. ಬದುಕಿರುವವರ ಮಾತು ಬೇರೆ.

ನಮ್ಮ ತುಂಗಭದ್ರೆಯ ದಂಡೆಯಲ್ಲಿ ಹೀಗೆ ಹೆಸರು ಕಳಚುವ ಇನ್ನೊಂದು ದಾರಿಯಿದೆ. ಹುಲಿಗಿಯಲ್ಲಿ ಉಡಿದಾರ ಹರಿದು, ಸೀರೆ ಉಡಿಸಿ, ಬಳೆ ತೊಡಿಸಿದ ಮೇಲೆ ಆ ಜೀವ ಜೋಗತಿ. (ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವ ಕ್ರೌರ್ಯವನ್ನು ನಾನಿಲ್ಲಿ ಸಮರ್ಥಿಸುತ್ತಿಲ್ಲ, ಅದನ್ನು 1982ರ ಕಾಯಿದೆ ನಿಷೇಧಿಸಿದ್ದು ಸರಿಯಾಗಿಯೇ ಇದೆ.) ಬಳ್ಳಾರಿ ಜಿಲ್ಲೆಯ ಕಲ್ಲುಕಂಬದ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಸುದ್ದಿ ಬರೆದವರಲ್ಲಿ ಅನೇಕರಿಗೆ ಅವರ ಕುಣಿತಕ್ಕಿಂತ ಹುಟ್ಟುಹೆಸರಿನ ಮೇಲೆಯೇ ಕಣ್ಣು. ಅದನ್ನು ನಾನಿಲ್ಲಿ ಬರೆಯುವುದಿಲ್ಲ. ಅವರು ತಮ್ಮ ಕಥೆಯನ್ನು ತಾವೇ ಹೇಳಿಕೊಂಡಿದ್ದಾರೆ; ಅದು ಅವರ ಹಕ್ಕು. ಆ ಹಕ್ಕನ್ನು ನಾವು ಉಳಿದ ಜೋಗತಿಯರಿಂದ ಕೇಳದೆಯೇ ಕಿತ್ತುಕೊಂಡಿದ್ದೇವೆ.

ಎಲ್ಲಿ ಎಂದು ಕೇಳುವವರು ನಮ್ಮ ಜಾನಪದ ಪಿಎಚ್.ಡಿ. ಪ್ರಬಂಧಗಳ ಅನುಬಂಧಗಳನ್ನು ತೆರೆದು ನೋಡಲಿ. ವಕ್ತೃಗಳ ಪಟ್ಟಿ: ಹೆಸರು, ವಯಸ್ಸು, ಜಾತಿ, ಊರು, ವೃತ್ತಿ, ಜೋಗತಿಯಾದರೆ ಆವರಣದಲ್ಲಿ ಪೂರ್ವದ ಹೆಸರು. ಪ್ರಬಂಧ ಗ್ರಂಥಾಲಯದ ಕಪಾಟಿನಲ್ಲಿದ್ದಾಗ ಇದರಿಂದ ಹೆಚ್ಚಿನ ಅಪಾಯವಿರಲಿಲ್ಲ; ಧೂಳೇ ಕಾವಲು. ಯುಜಿಸಿಯ 2009ರ ನಿಯಮಾವಳಿಯ ನಂತರ ಪ್ರಬಂಧಗಳು ಶೋಧಗಂಗೆಗೆ ಏರತೊಡಗಿದವು. ಆಗಲೂ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪಿಸಿದ ಕನ್ನಡ ಗೂಗಲ್‌ಗೆ ಅರ್ಥವಾಗುತ್ತಿರಲಿಲ್ಲ. ಯೂನಿಕೋಡ್ ಬಂದು, ಚಿತ್ರದಲ್ಲಿನ ಅಕ್ಷರವನ್ನೂ ಯಂತ್ರ ಓದತೊಡಗಿ ಆ ಆಕಸ್ಮಿಕ ರಕ್ಷಣೆಯೂ ಹೋಯಿತು. ಸಿರುಗುಪ್ಪದ ಕಡೆಯ ಹಳ್ಳಿಯಲ್ಲಿ ಹೊಡೆತ ತಿಂದು ಮನೆಬಿಟ್ಟವಳೊಬ್ಬಳು ಹೊಸ ಹೆಸರಿನಲ್ಲಿ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಬಾಡಿಗೆಗೆ ಕೋಣೆ ಕೇಳುತ್ತಾಳೆ ಎಂದಿಟ್ಟುಕೊಳ್ಳಿ. ಮನೆಯೊಡೆಯ ಮೊಬೈಲಿನಲ್ಲಿ ಹೆಸರು ಒತ್ತಿದರೆ ಜಾತಿ, ಊರು, ಹಳೆಯ ಹೆಸರು ಮೂರೂ ಎದುರಿಗೆ. ಬೆನ್ನಟ್ಟಿ ಬರುವ ಅಣ್ಣನಿಗೂ ಅಷ್ಟೇ ಸಲೀಸು.

ನ್ಯಾಯಾಲಯಗಳು ಈ ಸಂಕಟವನ್ನು ಕಂಡಿವೆ. ಪ್ರಕರಣವೊಂದರಲ್ಲಿದ್ದ ಹೆಣ್ಣುಮಗಳ ಹೆಸರು ಅಂತರಜಾಲದ ಹುಡುಕಾಟಕ್ಕೆ ಸಿಗದಂತೆ ನೋಡಿಕೊಳ್ಳಬೇಕೆಂದು ಕರ್ನಾಟಕ ಉಚ್ಚ ನ್ಯಾಯಾಲಯ 2017ರ ಜನವರಿಯಲ್ಲಿಯೇ ಹೇಳಿತು. ಅದೇ ನ್ಯಾಯಾಲಯ 2024ರ ಡಿಸೆಂಬರಿನಲ್ಲಿ, ಕಾನೂನು ತಿದ್ದುಪಡಿಯಾಗುವ ತನಕ, ಲಿಂಗಪರಿವರ್ತಿತರ ಜನನ ಪ್ರಮಾಣಪತ್ರದಲ್ಲಿ ಹಳೆಯ ಮತ್ತು ಹೊಸ ಹೆಸರುಗಳೆರಡೂ ಇರಲೆಂದಿತು. ಹೊಸ ಹೆಸರು ದಕ್ಕಿತು, ಹಳೆಯದು ಬಿಡಲಿಲ್ಲ. ಇನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯಿದೆಯ 12ನೆಯ ಕಲಮು ಮಾಹಿತಿ ಅಳಿಸಲು ಕೇಳುವ ಹಕ್ಕು ಕೊಟ್ಟರೆ, 17ನೆಯ ಕಲಮು ಕೆಲವು ಷರತ್ತುಗಳೊಡನೆ ಸಂಶೋಧನೆಗೆ ವಿನಾಯಿತಿ ನೀಡುತ್ತದೆ. ಎಂದರೆ, ನಮ್ಮಿಂದ ಜೋಗತಿಯನ್ನು ಕಾಪಾಡುವ ಕೆಲಸ ಬಹುಪಾಲು ನಮ್ಮ ಪಾಲಿಗೇ ಉಳಿದಿದೆ.

ಆಕರ ಹೇಳದಿದ್ದರೆ ಅದು ಸಂಶೋಧನೆಯೇ ಎಂಬ ಆಕ್ಷೇಪ ಬರುತ್ತದೆ. ಆಕರದ ವಿಶ್ವಾಸಾರ್ಹತೆ ಹಾಡಿನ ಪಾಠದಲ್ಲಿದೆ, ಸಂಗ್ರಹಿಸಿದ ಕಾಲದಲ್ಲಿದೆ, ತಾಲ್ಲೂಕಿನಲ್ಲಿದೆ. ಹಾಡಿದವಳ ತೊಟ್ಟಿಲ ಹೆಸರಿನಲ್ಲಿಲ್ಲ. ಪೂರ್ಣ ಪಟ್ಟಿ ಮಾರ್ಗದರ್ಶಕರ ಬಳಿ, ಮೌಖಿಕ ಪರೀಕ್ಷೆಯ ಸಮಿತಿಯ ಮುಂದೆ ಇರಲಿ. ಕಲಾವಿದೆಯಾಗಿ ತನ್ನ ಹೆಸರು ಅಚ್ಚಾಗಲಿ ಎನ್ನುವವಳ ಹೆಸರು ಧಾರಾಳವಾಗಿ ಅಚ್ಚಾಗಲಿ, ಅವಳು ಹೇಳಿದ ಹೆಸರೇ. ಸಾಲ ಮುಳುಗಿಸಿ ವೇಷ ಬದಲಿಸುವವರೂ ಇದ್ದಾರೆಂಬ ಮಾತನ್ನಂತೂ ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವರನ್ನು ಹುಡುಕಲು ಪೊಲೀಸರಿದ್ದಾರೆ, ಕನ್ನಡ ವಿಭಾಗ ಬೇಕಿಲ್ಲ.

ಈ ವರ್ಷ ಪ್ರಬಂಧ ಸಲ್ಲಿಸುವವರು ಇ-ಪ್ರತಿಯಿಂದ ವಕ್ತೃಪಟ್ಟಿಯನ್ನು ತೆಗೆದೇ ಕೊಡಲಿ. ಮಾರ್ಗದರ್ಶಕರು ಅದನ್ನು ಕೊರತೆಯೆಂದು ಗುರುತು ಹಾಕದಿರಲಿ. ಈಗಾಗಲೇ ಏರಿರುವ ಪ್ರಬಂಧಗಳ ಆ ಪುಟಗಳನ್ನು ಹಿಂತೆಗೆಯುವಂತೆ ವಿಶ್ವವಿದ್ಯಾಲಯಕ್ಕೆ ಬರೆಯಬೇಕಾದವರು ಅವುಗಳ ಲೇಖಕರೇ. ಕುರುಗೋಡಿನಲ್ಲೋ ಸಿರುಗುಪ್ಪದಲ್ಲೋ ಜಗಲಿಯ ಮೇಲೆ ಕೂರಿಸಿಕೊಂಡು ಹಾಡು ಹೇಳಿದ ಜೋಗತಿಗೆ ತನ್ನ ಹಳೆಯ ಹೆಸರು ಅಲ್ಲಿದೆಯೆಂಬುದೇ ತಿಳಿದಿರಲಾರದು.