ವಿಶ್ವವಿದ್ಯಾಲಯಗಳ ಕೃತಕ ಬುದ್ಧಿಮತ್ತೆ ಸಂಶೋಧನೆ ಹಾಗೂ ಗದಗ ಜಿಲ್ಲೆಯ ಅರ್ಜಿದಾರರ ಮಾತು

ಗದಗ ಜಿಲ್ಲೆಯ ರೈತರು ತಮ್ಮ ಜಮೀನಿನ ದಾಖಲೆಯನ್ನು ಕೋರುವಾಗ ಸಾಮಾನ್ಯವಾಗಿ ‘ಉತಾರ’ ಎಂಬ ಪದವನ್ನು ಬಳಸುತ್ತಾರೆ. ಸರ್ಕಾರಿ ನಮೂನೆಗಳಲ್ಲಿ ಅದೇ ದಾಖಲೆಗೆ ‘ಪಹಣಿ’ ಎಂಬ ಹೆಸರಿದೆ. ತಂದೆಯ ಮರಣಾನಂತರ ಜಮೀನನ್ನು ಮಕ್ಕಳ ಹೆಸರಿಗೆ ಮಾಡಿಸುವುದನ್ನು ಹಳೆಯ ಮೈಸೂರು ಭಾಗದವರು ‘ಪೌತಿ ಖಾತೆ’ ಎಂದರೆ ಈ ಭಾಗದವರು ‘ವಾರಸಾ’ ಎನ್ನುತ್ತಾರೆ. ಕೌಂಟರಿನಲ್ಲಿ ಕುಳಿತ ಸಿಬ್ಬಂದಿಗೆ ಎರಡೂ ಪದಗಳ ಪರಿಚಯವಿರುವುದರಿಂದ ಅರ್ಜಿದಾರರಿಗೆ ತೊಂದರೆಯಾಗುವುದಿಲ್ಲ. ಆದರೆ ಮಾತನ್ನು ಕೇಳಿ ತಾನೇ ಬರೆದುಕೊಳ್ಳುವ, ಬರೆದುದನ್ನು ಬೇರೆ ಭಾಷೆಗೆ ಪರಿವರ್ತಿಸುವ ಹಾಗೂ ಪ್ರಶ್ನೆಗೆ ಧ್ವನಿಯಲ್ಲಿಯೇ ಉತ್ತರ ನೀಡುವ ಗಣಕ ವ್ಯವಸ್ಥೆಗಳು ಸಾರ್ವಜನಿಕ ಸೇವೆಗಳೊಳಗೆ ಕಾಲಿರಿಸಿವೆ. ಸದರಿ ವ್ಯವಸ್ಥೆಗಳಿಗೆ ‘ಉತಾರ’ ಎಂದರೇನು ಎಂಬುದನ್ನು ಕಲಿಸಬೇಕಾಗುತ್ತದೆ. ಆ ಕಲಿಕೆಯ ಬಹುಭಾಗ ನಡೆಯುತ್ತಿರುವುದು ವಿಶ್ವವಿದ್ಯಾಲಯಗಳ ಪ್ರಯೋಗಾಲಯಗಳಲ್ಲಿ.

ಪ್ರಯೋಗಾಲಯದಿಂದ ಹಳ್ಳಿಯವರೆಗೆ

ಕನ್ನಡಕ್ಕೆ ಸಂಬಂಧಿಸಿದ ಇಂತಹ ಸಂಶೋಧನೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕ ಎ.ಜಿ. ರಾಮಕೃಷ್ಣನ್ ಅವರ ತಂಡವು ಕನ್ನಡ ಪಠ್ಯವನ್ನು ಓದಿ ಹೇಳುವ ‘ಮಧುರ ವಾಚಕ’ ಎಂಬ ತಂತ್ರಾಂಶವನ್ನು, ಮುದ್ರಿತ ಪುಟವನ್ನು ಗಣಕ ಪಠ್ಯವನ್ನಾಗಿ ಪರಿವರ್ತಿಸುವ ‘ಲಿಪಿ ಜ್ಞಾನಿ’ ಎಂಬ ತಂತ್ರಾಂಶವನ್ನು ರೂಪಿಸಿದೆ. ಎರಡನೆಯದನ್ನು 1970ರಿಂದ 2002ರ ಅವಧಿಯಲ್ಲಿ ಪ್ರಕಟವಾದ 35ಕ್ಕೂ ಹೆಚ್ಚು ಪುಸ್ತಕಗಳ ಪುಟಗಳನ್ನು ಬಳಸಿ ಸಿದ್ಧಪಡಿಸಿ ಪರೀಕ್ಷಿಸಲಾಗಿದ್ದು, ಅವುಗಳಲ್ಲಿ ಹಳೆಗನ್ನಡದ ಪುಸ್ತಕಗಳೂ ಸೇರಿವೆ. ದೃಷ್ಟಿದೋಷವುಳ್ಳವರು ಕನ್ನಡ ಪುಸ್ತಕವೊಂದನ್ನು ಇತರರ ನೆರವಿಲ್ಲದೆ ಓದಿಸಿಕೊಳ್ಳಲು ಈ ಎರಡೂ ಬಗೆಯ ಸಾಧನಗಳು ಅಗತ್ಯ.

ತುಮಕೂರಿನ ಸಿದ್ಧಗಂಗಾ ತಾಂತ್ರಿಕ ಸಂಸ್ಥೆಯ ಸಂಶೋಧಕರು ಕೃಷಿ ಉತ್ಪನ್ನಗಳ ಮಾರುಕಟ್ಟೆ ಧಾರಣೆ ಹಾಗೂ ಹವಾಮಾನ ಮಾಹಿತಿಯನ್ನು ರೈತರು ಕನ್ನಡದಲ್ಲಿ ಮಾತನಾಡಿ ಪಡೆಯಬಹುದಾದ ವ್ಯವಸ್ಥೆಯೊಂದನ್ನು ರೂಪಿಸಿ 2017ರಲ್ಲಿ ಪ್ರಬಂಧ ಪ್ರಕಟಿಸಿದರು. ಆ ಕಾರ್ಯಕ್ಕಾಗಿ ರಾಜ್ಯದ ಬೇರೆ ಬೇರೆ ಭಾಗಗಳ ರೈತರಿಂದಲೇ ಧ್ವನಿಯನ್ನು ಸಂಗ್ರಹಿಸಲಾಗಿತ್ತು. ಇದರ ಮಹತ್ವ ಗದಗಿನವರಿಗೆ ಬೇಗ ಅರ್ಥವಾಗುವಂತಹದು. ಇಲ್ಲಿಯ ಮಾರುಕಟ್ಟೆ ಪ್ರಾಂಗಣದಲ್ಲಿ ‘ಈರುಳ್ಳಿ’ಯ ಧಾರಣೆಯನ್ನು ಕೇಳುವವರು ವಿರಳ, ಕೇಳುವುದು ‘ಉಳ್ಳಾಗಡ್ಡಿ’ಯ ಧಾರಣೆಯನ್ನು. ಅಂತೆಯೇ ‘ಕಡಲೆಕಾಯಿ’ ಎಂದು ಬರೆದಿಟ್ಟ ಪಟ್ಟಿಯಲ್ಲಿ ‘ಶೇಂಗಾ’ ಹುಡುಕಿದರೆ ಯಂತ್ರಕ್ಕೆ ಸಿಗುವುದಿಲ್ಲ.

ಮುಂದೆ 2022ರ ಜುಲೈ ತಿಂಗಳಿನಲ್ಲಿ ಕೇಂದ್ರ ಸರ್ಕಾರವು ‘ಭಾಷಿಣಿ’ ಎಂಬ ರಾಷ್ಟ್ರೀಯ ಭಾಷಾ ಅನುವಾದ ವೇದಿಕೆಗೆ ಚಾಲನೆ ನೀಡಿತು. ಅದೇ ತಿಂಗಳು ಮದ್ರಾಸಿನ ಭಾರತೀಯ ತಂತ್ರಜ್ಞಾನ ಸಂಸ್ಥೆಯಲ್ಲಿ ಭಾರತೀಯ ಭಾಷೆಗಳಿಗಾಗಿ ‘ಎಐ4ಭಾರತ್’ ತಂಡದ ಕೇಂದ್ರವು ಉದ್ಘಾಟನೆಗೊಂಡಿತು. ಸದರಿ ತಂಡವು 2023ರಲ್ಲಿ ಪ್ರಕಟಿಸಿದ ಅನುವಾದ ಮಾದರಿಯು ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳನ್ನೂ ಒಳಗೊಂಡಿದೆ. 2023ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ‘ಕಿಸಾನ್ ಇ-ಮಿತ್ರ’ ಸೇವೆಯು ಭಾಷಿಣಿಯ ನೆರವಿನಿಂದ ಪಿಎಂ-ಕಿಸಾನ್ ಯೋಜನೆಯ ಬಗ್ಗೆ ರೈತರ ಪ್ರಶ್ನೆಗಳಿಗೆ ಅವರವರ ಭಾಷೆಯಲ್ಲಿ ಉತ್ತರಿಸುತ್ತದೆ. ವರ್ಷಕ್ಕೆ ಮೂರು ಕಂತುಗಳಲ್ಲಿ ಬರಬೇಕಾದ 6,000 ರೂಪಾಯಿಯಲ್ಲಿ ಒಂದು ಕಂತು ಏಕೆ ಬಂದಿಲ್ಲ ಎಂದು ತಿಳಿಯಲು ಮುಂಡರಗಿ ತಾಲ್ಲೂಕಿನ ಒಂದು ಹಳ್ಳಿಯಿಂದ ತಾಲ್ಲೂಕು ಕೇಂದ್ರಕ್ಕೆ ಬಸ್ಸು ಹಿಡಿದು ಬಂದು ಹೋಗುವ ರೈತನಿಗೆ ಒಂದು ದಿನದ ದುಡಿಮೆ ತಪ್ಪುತ್ತದೆ. ಆ ದಿನವನ್ನು ಉಳಿಸಿಕೊಡುವ ಸಾಮರ್ಥ್ಯ ಈ ಸಂಶೋಧನೆಗೆ ಇದೆ ಎಂಬುದು ಅಲ್ಪ ಸಂಗತಿಯಲ್ಲ.

ಯಾವ ಕನ್ನಡವನ್ನು ಕಲಿತಿದೆ

ಮಾತನ್ನು ಗುರುತಿಸುವ ಯಂತ್ರವು ವ್ಯಾಕರಣವನ್ನು ಓದಿ ಭಾಷೆ ಕಲಿಯುವುದಿಲ್ಲ. ಸಾವಿರಾರು ಗಂಟೆಗಳ ಧ್ವನಿಯನ್ನೂ, ಆ ಧ್ವನಿಯ ಲಿಖಿತ ರೂಪವನ್ನೂ ಜೊತೆಯಾಗಿ ಒದಗಿಸಿದಾಗ ಯಾವ ಶಬ್ದಕ್ಕೆ ಯಾವ ಅಕ್ಷರ ಹೆಚ್ಚು ಸಂಭವನೀಯ ಎಂಬುದನ್ನು ಅದು ಲೆಕ್ಕ ಹಾಕುತ್ತದೆ. ಕೇಳದೇ ಇದ್ದ ಪದ ಎದುರಾದರೆ ತಾನು ಕೇಳಿದ್ದ ಸಮೀಪದ ಪದವನ್ನು ಬರೆಯುತ್ತದೆ. ‘ಉತಾರ’ವನ್ನು ಅರಿಯದ ವ್ಯವಸ್ಥೆಯು ಅದನ್ನು ‘ಉತ್ತರ’ ಎಂದು ಬರೆದುಕೊಳ್ಳುವ ಸಂಭವವಿದೆ. ಆಗ ಜಮೀನಿನ ದಾಖಲೆಯ ಕೋರಿಕೆಯು ದಿಕ್ಕಿನ ವಿಷಯವೋ ಪ್ರಶ್ನೋತ್ತರದ ವಿಷಯವೋ ಆಗಿಬಿಡುತ್ತದೆ. ಮನೆಯನ್ನು ‘ಮನಿ’, ಬೆಳೆಯನ್ನು ‘ಬೆಳಿ’, ಇದೆ ಎಂಬುದನ್ನು ‘ಐತಿ’ ಎನ್ನುವ ಮಾತು ತಪ್ಪು ಕನ್ನಡವಲ್ಲ. ಪುಸ್ತಕವನ್ನು ಓದಿಸಿ ಸಂಗ್ರಹಿಸಿದ ಧ್ವನಿಯಲ್ಲಿ ಅದು ಇರುವುದಿಲ್ಲ, ಅಷ್ಟೆ.

ಇದು ಊಹೆಯ ಆತಂಕವಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಐದು ದೊಡ್ಡ ಕಂಪನಿಗಳ ಧ್ವನಿ ಗುರುತಿಸುವ ವ್ಯವಸ್ಥೆಗಳನ್ನು ಪರೀಕ್ಷಿಸಿದರು. ಬಿಳಿಯರು ಆಡಿದ ಪ್ರತಿ 100 ಪದಗಳಲ್ಲಿ ಸರಾಸರಿ 19 ಪದಗಳು ತಪ್ಪಾಗಿ ದಾಖಲಾದರೆ, ಕಪ್ಪುವರ್ಣೀಯರು ಆಡಿದ 100 ಪದಗಳಲ್ಲಿ 35 ಪದಗಳು ತಪ್ಪಾಗಿದ್ದವು. ಎರಡೂ ಸಮುದಾಯಗಳು ಆಡಿದ್ದು ಇಂಗ್ಲಿಷನ್ನೇ. ದೋಷವನ್ನು ಕಂಡುಹಿಡಿದದ್ದೂ ವಿಶ್ವವಿದ್ಯಾಲಯವೇ ಎಂಬುದು ಇಲ್ಲಿ ಗಮನಾರ್ಹ.

ಗದಗಿನ ಮಾತು ಬೆಂಗಳೂರಿನ ಮಾತಿಗಿಂತ ಭಿನ್ನವಾಗಿರುವುದಕ್ಕೆ ಆಡಳಿತದ ಇತಿಹಾಸವೂ ಒಂದು ಕಾರಣ. ರಾಜ್ಯಗಳ ಪುನರ್ವಿಂಗಡಣೆಯಾದ 1956ರವರೆಗೆ ಈ ಭಾಗವು ಮುಂಬಯಿ ಆಡಳಿತಕ್ಕೆ ಸೇರಿದ್ದಿತು. ಅದಕ್ಕೂ ಹಿಂದೆ, ಸ್ವಾತಂತ್ರ್ಯಪೂರ್ವದಲ್ಲಿ, ಶಿರಹಟ್ಟಿಯು ಸಾಂಗ್ಲಿ ಸಂಸ್ಥಾನದಲ್ಲಿಯೂ ಲಕ್ಷ್ಮೇಶ್ವರವು ಮೀರಜ ಸಂಸ್ಥಾನದಲ್ಲಿಯೂ ಇದ್ದವು. ಉತಾರ, ವಾರಸಾ, ತಲಾಠಿ ಮೊದಲಾದ ಕಂದಾಯ ಪದಗಳು ಆ ಕಾಲದಿಂದ ಉಳಿದು ಬಂದವು. ಗದಗ ಪ್ರತ್ಯೇಕ ಜಿಲ್ಲೆಯಾದ 1997ರ ನಂತರವೂ ಜನರ ಬಾಯಿಂದ ಅವು ಮರೆಯಾಗಿಲ್ಲ.

ಇನ್ನೊಂದು ಸಂಗತಿಯನ್ನೂ ಇಲ್ಲಿ ನೆನೆಯಬಹುದು. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡದ ತಿರುಳಿನ ನಾಡನ್ನು ಗುರುತಿಸುವಾಗ ಹೆಸರಿಸಿದ ನಾಲ್ಕು ಊರುಗಳಲ್ಲಿ ಪುಲಿಗೆರೆಯೂ ಒಂದು. ಅದುವೇ ಇಂದಿನ ಲಕ್ಷ್ಮೇಶ್ವರ. ಹತ್ತನೆಯ ಶತಮಾನದಲ್ಲಿ ಪಂಪನು ತನ್ನ ಕಾವ್ಯದ ಭಾಷೆ ಪುಲಿಗೆರೆಯ ತಿರುಳ್ಗನ್ನಡವೆಂದು ಹೇಳಿಕೊಂಡನು. ಒಂದು ಕಾಲಕ್ಕೆ ಮಾದರಿಯೆನಿಸಿದ್ದ ಊರಿನ ಮಾತು ಈಗ ಗಣಕದ ಪಾಲಿಗೆ ‘ಉಪಭಾಷೆ’ಯಾಗಿದೆ.

ಕೊರತೆಯನ್ನು ತುಂಬುವ ಪ್ರಯತ್ನಗಳು ನಡೆದಿವೆ. ಭಾರತೀಯ ವಿಜ್ಞಾನ ಸಂಸ್ಥೆಯ ‘ರೆಸ್ಪಿನ್’ ಯೋಜನೆಯಡಿ ಕನ್ನಡವೂ ಸೇರಿದಂತೆ ಒಂಬತ್ತು ಭಾಷೆಗಳಲ್ಲಿ, ಪ್ರಾದೇಶಿಕ ಪ್ರಭೇದವಾರು, ಕೃಷಿ ಮತ್ತು ಹಣಕಾಸಿಗೆ ಸಂಬಂಧಿಸಿದ ವಾಕ್ಯಗಳನ್ನು ಓದಿಸಿ 10,000 ಗಂಟೆಗಳಿಗೂ ಮಿಕ್ಕಿದ ಧ್ವನಿಯನ್ನು ಸಂಗ್ರಹಿಸಲಾಗಿದೆ. ಎಐ4ಭಾರತ್ ತಂಡವು 2024ರಲ್ಲಿ 145 ಜಿಲ್ಲೆಗಳ 16,237 ಜನರಿಂದ ಪಡೆದ 7,348 ಗಂಟೆಗಳ ಧ್ವನಿಯನ್ನು ಪ್ರಕಟಿಸಿತು. ಅದರಲ್ಲಿ ಓದಿಸಿದ ಭಾಗ ಕೇವಲ ಶೇ. 9, ಉಳಿದುದು ಜನರು ತಾವಾಗಿ ಆಡಿದ ಮಾತು ಮತ್ತು ಸಂಭಾಷಣೆ. ವಿಜ್ಞಾನ ಸಂಸ್ಥೆಯು ಗೂಗಲ್ ಸಹಯೋಗದಲ್ಲಿ 2022ರಲ್ಲಿ ಆರಂಭಿಸಿದ ‘ವಾಣಿ’ ಯೋಜನೆಯು ಭಾಷೆಯ ಬದಲು ಜಿಲ್ಲೆಯನ್ನೇ ಘಟಕವನ್ನಾಗಿ ಇಟ್ಟುಕೊಂಡಿದೆ. ದೇಶದ 773 ಜಿಲ್ಲೆಗಳಿಂದ ಸುಮಾರು 1.5 ಲಕ್ಷ ಗಂಟೆಗಳ ಧ್ವನಿ ಸಂಗ್ರಹಿಸುವುದು ಅದರ ಗುರಿ. ಚಿತ್ರವೊಂದನ್ನು ತೋರಿಸಿ, ಕಂಡುದನ್ನು ತಮ್ಮ ಮಾತಿನಲ್ಲಿ ಹೇಳುವಂತೆ ಜನರನ್ನು ಕೋರಲಾಗುತ್ತದೆ.

ಜಿಲ್ಲೆಯನ್ನು ಘಟಕವಾಗಿಸಿದ್ದರಿಂದ ಒಂದು ಅನುಕೂಲವಿದೆ. ಶಿರಹಟ್ಟಿ, ಮುಂಡರಗಿ ಮತ್ತು ಗದಗ ತಾಲ್ಲೂಕುಗಳ ತಾಂಡಾಗಳಲ್ಲಿ ಲಂಬಾಣಿ ಮಾತನಾಡುವ ಕುಟುಂಬಗಳಿವೆ. ಲಂಬಾಣಿಗೆ ಸ್ವಂತ ಲಿಪಿಯಿಲ್ಲ, ಎಂಟನೆಯ ಅನುಸೂಚಿಯಲ್ಲಿ ಸ್ಥಾನವೂ ಇಲ್ಲ. 22 ಭಾಷೆಗಳ ಯಾವ ಪಟ್ಟಿಯನ್ನು ಹಿಡಿದು ಹೊರಟರೂ ತಾಂಡಾದ ಅಜ್ಜಿಯ ಮಾತು ಹೊರಗೇ ಉಳಿಯುತ್ತದೆ. ಜಿಲ್ಲೆಯನ್ನು ಹಿಡಿದು ಹೊರಟರೆ ಅವರ ಮನೆಯೂ ದಾರಿಯಲ್ಲಿ ಸಿಗುತ್ತದೆ.

ಅಡ್ಡಹೆಸರಿನ ತೊಡಕು

ಈ ಭಾಗದ ಜನರ ಅಡ್ಡಹೆಸರುಗಳು ಬಹುಪಾಲು ನಿತ್ಯಬಳಕೆಯ ನಾಮಪದಗಳೇ ಆಗಿವೆ: ಅಂಗಡಿ, ಹೂಗಾರ, ಮೆಣಸಿನಕಾಯಿ, ಉಳ್ಳಾಗಡ್ಡಿ. ಅರ್ಜಿಯನ್ನು ಕನ್ನಡದಿಂದ ಇಂಗ್ಲಿಷಿಗೆ ಪರಿವರ್ತಿಸುವ ಯಂತ್ರವು ಹೆಸರನ್ನು ಹೆಸರೆಂದು ಗುರುತಿಸದೆ ಅರ್ಥವನ್ನು ಅನುವಾದಿಸಿದರೆ ‘ಅಂಗಡಿ’ ಎಂಬುವರು ‘ಶಾಪ್’ ಆಗುತ್ತಾರೆ. ಕೇಳಲು ಹಾಸ್ಯವೆನಿಸಿದರೂ ಪರಿಣಾಮ ಹಾಸ್ಯದ್ದಲ್ಲ. ಆಧಾರ್, ಬ್ಯಾಂಕ್ ಖಾತೆ ಮತ್ತು ಅರ್ಜಿಯ ಹೆಸರುಗಳು ಒಂದಕ್ಕೊಂದು ಹೊಂದದಿದ್ದಲ್ಲಿ ಪಿಂಚಣಿಯೋ ವಿದ್ಯಾರ್ಥಿವೇತನವೋ ಖಾತೆಗೆ ಜಮೆಯಾಗದೆ ನಿಲ್ಲುತ್ತದೆ. ತಿದ್ದುಪಡಿಗೆ ಓಡಾಡಬೇಕಾದವರು ಅರ್ಜಿದಾರರೇ.

ಒಮ್ಮೆ ಗಣಕವನ್ನು ಸೇರಿದ ತಪ್ಪನ್ನು ಹೊರತೆಗೆಯುವುದು ಎಷ್ಟು ಕಷ್ಟವೆಂಬುದಕ್ಕೆ ರಾಜ್ಯದಲ್ಲಿ ಅನುಭವವಿದೆ. ‘ಭೂಮಿ’ ಯೋಜನೆಯಡಿ 2002ರ ಹೊತ್ತಿಗೆ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಲಾಯಿತು. ದೇಶಕ್ಕೇ ಮಾದರಿಯೆನಿಸಿದ ಕಾರ್ಯ ಅದು. ಆದಾಗ್ಯೂ ಪಹಣಿಗಳಲ್ಲಿ ಉಳಿದ ಹೆಸರು ಹಾಗೂ ವಿಸ್ತೀರ್ಣದ ದೋಷಗಳನ್ನು ಸರಿಪಡಿಸಲು ಮುಂದೆ ಕಂದಾಯ ಅದಾಲತ್‌ಗಳನ್ನು ನಡೆಸಬೇಕಾಯಿತು. ಅಂದು ದತ್ತಾಂಶವನ್ನು ನಮೂದಿಸಿದವರು ಮನುಷ್ಯರು. ಮೂಲ ಕೈಬರಹದ ದಾಖಲೆ ಹೋಲಿಕೆಗೆ ಲಭ್ಯವಿತ್ತು. ಧ್ವನಿಯಿಂದ ನೇರವಾಗಿ ಮೂಡಿದ ಅರ್ಜಿಗೆ, ಆ ಧ್ವನಿಯನ್ನು ಕಾಯ್ದಿರಿಸದ ಹೊರತು, ಹೋಲಿಕೆಗೆ ಮೂಲವೇ ಇರುವುದಿಲ್ಲ.

ಸ್ವೀಕೃತಿಗೆ ಮುಂಚಿನ ಹೊಸ್ತಿಲು

ಸೇವೆಗಳನ್ನು ಕೋರುವ ನಾಗರಿಕರ ದೃಷ್ಟಿಯಿಂದ ಅತ್ಯಂತ ಮುಖ್ಯವಾದ ಅಂಶ ಇದು. ಕರ್ನಾಟಕ ನಾಗರಿಕರಿಗೆ ಸೇವೆಗಳ ಖಾತರಿ ಅಧಿನಿಯಮ, 2011, ಅಂದರೆ ‘ಸಕಾಲ’, 2012ರ ಏಪ್ರಿಲ್ 2ರಿಂದ ರಾಜ್ಯದಾದ್ಯಂತ ಜಾರಿಯಲ್ಲಿದೆ. ಅದರಂತೆ ಅರ್ಜಿದಾರರಿಗೆ 15 ಅಂಕಿಗಳ ಸಂಖ್ಯೆಯುಳ್ಳ ಸ್ವೀಕೃತಿಯನ್ನು ನೀಡಲಾಗುತ್ತದೆ. ನಿಗದಿತ ದಿನಗಳೊಳಗೆ ಸೇವೆ ದೊರೆಯದಿದ್ದಲ್ಲಿ ಅಥವಾ ಅರ್ಜಿ ತಿರಸ್ಕೃತವಾದಲ್ಲಿ ಸಕ್ಷಮ ಅಧಿಕಾರಿಗೆ, ಅನಂತರ ಮೇಲ್ಮನವಿ ಪ್ರಾಧಿಕಾರಕ್ಕೆ ಮನವಿ ಸಲ್ಲಿಸಬಹುದು. ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿಗಳ ಪರಿಹಾರಕ್ಕೂ ಅವಕಾಶವಿದೆ.

ಈ ಎಲ್ಲ ರಕ್ಷಣೆಯೂ ಸ್ವೀಕೃತಿಯಿಂದ ಆರಂಭವಾಗುತ್ತದೆ. ಧ್ವನಿಯನ್ನು ಆಧರಿಸಿದ ಸೇವೆಯಲ್ಲಿ ಯಂತ್ರವು ತಪ್ಪಾಗಿ ಕೇಳಿಸಿಕೊಳ್ಳುವುದು ಅದಕ್ಕೂ ಮುಂಚಿನ ಹಂತದಲ್ಲಿ. ಬೇಕಾದ ಸೇವೆ ಯಾವುದೆಂದು ಅರಿಯದೆ ‘ಮತ್ತೊಮ್ಮೆ ಹೇಳಿ’ ಎಂದು ಮೂರು ಬಾರಿ ಕೇಳಿ ಕರೆ ಕಡಿತಗೊಂಡರೆ ಅರ್ಜಿ ಹುಟ್ಟುವುದೇ ಇಲ್ಲ. ಸಂಖ್ಯೆಯಿಲ್ಲ, ಹಿಂಬರಹವಿಲ್ಲ, ಮೇಲ್ಮನವಿಗೆ ಆಧಾರವಿಲ್ಲ. ತಿರಸ್ಕೃತ ಅರ್ಜಿಗಳ ಅಂಕಿ-ಅಂಶಗಳಲ್ಲಿಯೂ ಆ ವ್ಯಕ್ತಿ ಕಾಣಿಸುವುದಿಲ್ಲ. ಕೌಂಟರಿನಿಂದ ಬರಿಗೈಯಲ್ಲಿ ಹಿಂದಿರುಗಿದವರನ್ನು ಕಡೆಯ ಪಕ್ಷ ಸಾಲಿನಲ್ಲಿ ನಿಂತ ಹತ್ತು ಜನ ನೋಡಿರುತ್ತಾರೆ. ದೂರವಾಣಿಯಲ್ಲಿ ಹಿಂದಿರುಗಿದವರನ್ನು ಯಾರೂ ನೋಡುವುದಿಲ್ಲ. ಆದ್ದರಿಂದ ವ್ಯವಸ್ಥೆಯು 100 ಪದಗಳಲ್ಲಿ ಎಷ್ಟನ್ನು ಸರಿಯಾಗಿ ಗುರುತಿಸಿತು ಎಂಬ ಅಳತೆಯೊಂದೇ ಸಾಲದು. ಸರ್ವೆ ನಂಬರ್, ಹಿಸ್ಸಾ ಮತ್ತು ಹೆಸರು ಈ ಮೂರರಲ್ಲಿ ಒಂದು ತಪ್ಪಾದರೂ ಉಳಿದ 99 ಪದಗಳು ನಿಷ್ಪ್ರಯೋಜಕ. ಯಾವ ತಾಲ್ಲೂಕಿನ ಎಷ್ಟು ಜನ ಅರ್ಧಕ್ಕೆ ಕೈಬಿಟ್ಟರು ಎಂಬ ಲೆಕ್ಕವನ್ನು ಇಡುವುದು ಸಂಶೋಧಕರಿಗೂ ಸೇವೆ ಒದಗಿಸುವವರಿಗೂ ಕಷ್ಟದ ಕೆಲಸವೇನಲ್ಲ.

ಇಂತಹ ಪರಿಶೀಲನೆಗೆ ದೂರದ ಪ್ರಯೋಗಾಲಯಗಳನ್ನೇ ಅವಲಂಬಿಸಬೇಕಾಗಿಲ್ಲ. ಧಾರವಾಡದಲ್ಲಿ ಭಾರತೀಯ ತಂತ್ರಜ್ಞಾನ ಸಂಸ್ಥೆ ಮತ್ತು ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಗಳಿವೆ. ಗದಗಿನ ನಾಗಾವಿಯಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವಿದೆ. ಯಂತ್ರವನ್ನು ಕಟ್ಟಿದವರಿಗಿಂತ ಗ್ರಾಮ ಪಂಚಾಯಿತಿಯ ಕಟ್ಟೆಯ ಮೇಲೆ ಕುಳಿತು ಮಾತು ಕೇಳಬಲ್ಲ ವಿದ್ಯಾರ್ಥಿಗಳೇ ಅದರ ಕಿವಿಯನ್ನು ಚೆನ್ನಾಗಿ ಪರೀಕ್ಷಿಸಬಲ್ಲರು.

ಧ್ವನಿಯನ್ನು ನೀಡುವವರ ಹಕ್ಕಿನ ಬಗ್ಗೆಯೂ ತಿಳಿದಿರುವುದು ಸೂಕ್ತ. ಸಂಗ್ರಹಕಾರರು ಊರಿಗೆ ಬಂದಾಗ ಯಾವ ಉದ್ದೇಶಕ್ಕೆ, ಯಾವ ಸಂಸ್ಥೆಗೆ, ಎಷ್ಟು ಸಂಭಾವನೆಗೆ ಎಂಬುದನ್ನು ಕೇಳಿ ತಿಳಿದ ನಂತರವೇ ಒಪ್ಪಿಗೆ ನೀಡಬೇಕು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023ರ ಪ್ರಕಾರ ಸಮ್ಮತಿಯ ಕೋರಿಕೆಯನ್ನು ಇಂಗ್ಲಿಷ್ ಅಥವಾ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ, ಅಂದರೆ ಕನ್ನಡದಲ್ಲಿಯೂ, ಪಡೆಯುವ ಅವಕಾಶವಿರಬೇಕು. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಉಪಬಂಧಗಳು ಹಂತಹಂತವಾಗಿ ಜಾರಿಗೆ ಬರುವಂತೆ ಗೊತ್ತುಪಡಿಸಲಾಗಿದೆ.

ಯಂತ್ರದ ನೆರವಿನಿಂದ ಅರ್ಜಿಯನ್ನು ಭರ್ತಿ ಮಾಡಿಸಿದಲ್ಲಿ, ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಹಾಕುವ ಮುನ್ನ ಬರೆದುಕೊಂಡುದನ್ನು ಗಟ್ಟಿಯಾಗಿ ಓದಿ ಹೇಳುವಂತೆ ಅರ್ಜಿದಾರರು ಕೋರುವುದು ಒಳಿತು. ಅಡ್ಡಹೆಸರು, ಸರ್ವೆ ನಂಬರ್ ಮತ್ತು ಹಿಸ್ಸಾ ಸಂಖ್ಯೆಯನ್ನು ಎರಡು ಬಾರಿ ಓದಿಸಿಕೊಳ್ಳುವುದು ಸೂಕ್ತ. ಯಂತ್ರಕ್ಕೆ ಮಾತು ತಿಳಿಯದೆ ಹೋದಲ್ಲಿ ಹೋಬಳಿ ಮಟ್ಟದ ನಾಡಕಚೇರಿಯಲ್ಲಿ ಖುದ್ದಾಗಿ ಅರ್ಜಿ ಸಲ್ಲಿಸಿ, 15 ಅಂಕಿಗಳ ಸಂಖ್ಯೆಯಿರುವ ಸ್ವೀಕೃತಿಯನ್ನು ಪಡೆದೇ ಹಿಂದಿರುಗತಕ್ಕದ್ದು. ಅಲ್ಲಿ ‘ಉತಾರ’ ಎಂದರೂ ನಡೆಯುತ್ತದೆ, ‘ಪಹಣಿ’ ಎಂದರೂ ನಡೆಯುತ್ತದೆ.