ಮಕ್ಕಳ ಮರುಕಳಿಸುವ ನ್ಯುಮೋನಿಯಾ

ಮಸೂತಿಯ ಸಮೀಪ ಕೂಡಗಿಯಲ್ಲಿ ಕಲ್ಲಿದ್ದಲಿನಿಂದ 2,400 ಮೆಗಾವಾಟ್ ವಿದ್ಯುತ್ತನ್ನು ಹುಟ್ಟಿಸುವ ಸ್ಥಾವರವಿರುವದು. ಧೂಳು-ಹೊಗೆಗಳು ಎಳೆಯ ಶ್ವಾಸಕೋಶಕ್ಕೆ ಶತ್ರುಗಳೆಂಬುದು ನಿರ್ವಿವಾದ. ಅಡಿಗೆಯ ಒಲೆಯ ಹೊಗೆಯೂ ಅದೇ ಜಾತಿಯದು. ಆದರೆ ಎಲ್ಲವನ್ನೂ ಬೂದಿಯ ಮೇಲೆ ಹೊರಿಸಿದರೆ ಕೂಸಿನ ಮೈಯೊಳಗಿನ ಕಾರಣವು ಮರೆಯಾಗುವದು.

ವರುಷದಲ್ಲಿ ಎರಡು ಸಲ, ಅಥವಾ ಒಟ್ಟು ಮೂರು ಸಲ ನ್ಯುಮೋನಿಯಾ ಬಂದರೆ ಮೂಲವನ್ನು ಹುಡುಕತಕ್ಕದ್ದು. ಪ್ರತಿಸಲವೂ ಒಂದೇ ಭಾಗವು ಕೆಟ್ಟರೆ ಶ್ವಾಸನಾಳದಲ್ಲಿ ಶೇಂಗಾಬೀಜವು ಸಿಕ್ಕಿರಬಹುದು; ಬೇರೆ ಬೇರೆ ಭಾಗಗಳು ಕೆಟ್ಟರೆ ದಮ್ಮು, ಹೃದಯದ ರಂಧ್ರ, ಶ್ವಾಸನಾಳಕ್ಕೆ ಹಾಲು ಇಳಿಯುವದು, ರೋಗನಿರೋಧಶಕ್ತಿಯ ಕೊರತೆ ಇವುಗಳಲ್ಲೊಂದಿರಬಹುದು.

2021ರಿಂದ ದೇಶದಲ್ಲೆಲ್ಲ ಪುಕ್ಕಟೆಯಾಗಿ ದೊರೆಯುವ ನ್ಯುಮೋಕಾಕಲ್ ಲಸಿಕೆಯನ್ನು ಹಾಕಿಸುವದು ತಂದೆತಾಯಿಗಳ ಹೊಣೆ. ಹಿಂದುಮುಂದಿನ ಕ್ಷಕಿರಣಚಿತ್ರಗಳನ್ನು ಹೋಲಿಸಿ ನೋಡುವದು ವೈದ್ಯಾಧಿಕಾರಿಗಳ ಹೊಣೆ. ಗಾಳಿಯನ್ನು ಅಳೆದು ಅಂಕಿಗಳನ್ನು ಊರ ಚಾವಡಿಯಲ್ಲಿ ಪ್ರಕಟಿಸುವದು ಸರಕಾರದ ಹೊಣೆ. ನಾಡಿಗೆ ಬೆಳಕನ್ನು ಕೊಡುವ ನೆಲದ ಮಕ್ಕಳಿಗೆ ಇಷ್ಟಾದರೂ ಸಲ್ಲಲೇಬೇಕು.