ಗಾಳದ ಕೋಲಿನ ಬಾಗು

ಮಳೆಗಾಲವು ಮುಗಿದು ಕೆರೆಕಟ್ಟೆಗಳು ತುಂಬಿ ನಿಂತಿರುವ ದಿನಗಳಲ್ಲಿ, ಮದ್ದೂರು ತಾಲ್ಲೂಕಿನ ಕೊಪ್ಪದ ಆಸುಪಾಸಿನಲ್ಲಿ ಸಂಜೆಯ ಹೊತ್ತು ಏರಿಯ ಮೇಲೆ ನಡೆದುಹೋಗುವವರಿಗೆ, ಗಾಳ ಹಿಡಿದು ಕುಳಿತ ನಾಲ್ಕಾರು ಮಂದಿಯಾದರೂ ಕಾಣದೆ ಇರರು. ಅವರಲ್ಲಿ ಮುದುಕರುಂಟು, ಪುಸ್ತಕದ ಚೀಲವನ್ನು ಮನೆಯಲ್ಲಿ ಎಸೆದು ಬಂದ ಹುಡುಗರೂ ಉಂಟು. ಈ ಹುಡುಗರು ಬಿದಿರುಮೆಳೆಯಲ್ಲಿ ಯಾವ ಕೋಲನ್ನು ಆರಿಸುವರೆಂಬುದನ್ನು ನೋಡಿರಿ: ಎಲ್ಲಕ್ಕಿಂತ ದಪ್ಪವಾದುದನ್ನು, ಹಿಡಿದಲ್ಲಾಡಿಸಿದರೆ ಕದಲದುದನ್ನು. ದೊಡ್ಡ ಮೀನಿಗೆ ದೊಡ್ಡ ಕೋಲು ಎಂಬುದು ಅವರ ತರ್ಕ. ಪಟ್ಟಣದ ಅಂಗಡಿಯಲ್ಲಿ ಮಗನಿಗೆಂದು ಕೋಲು ಕೊಳ್ಳುವ ತಂದೆಯ ತರ್ಕವೂ ಇದಕ್ಕಿಂತ ಬೇರೆಯದಲ್ಲ.

ಈ ತರ್ಕವು ತಪ್ಪೆಂಬುದನ್ನು ನಾನು ಒಂದು ಕೊರವನನ್ನು ಕಳೆದುಕೊಂಡು ಕಲಿತೆನು. ನನ್ನ ಕೈಯಲ್ಲಿದ್ದುದು ೧೨ ಅಡಿಯ ಗಟ್ಟಿ ಬಿದಿರು. ಬೆಂಡು ಮುಳುಗಿತು, ಎತ್ತಿದೆನು. ಕೋಲು ಬಾಗಲೇ ಇಲ್ಲ. ಮೀನು ಜೊಂಡಿನ ಕಡೆಗೆ ಒಂದೇ ಒಂದು ಸಲ ನುಗ್ಗಿತು; ದಾರವು ಗಂಟಿನ ಬಳಿ ತುಂಡಾಯಿತು. ಮೀನು ಹೋದುದಕ್ಕಿಂತಲೂ, ಬಾಯಲ್ಲಿ ಕೊಕ್ಕೆಯನ್ನು ಸಿಕ್ಕಿಸಿಕೊಂಡೇ ಹೋಯಿತಲ್ಲಾ ಎಂಬುದು ಆ ರಾತ್ರಿ ನನ್ನನ್ನು ಹೆಚ್ಚಾಗಿ ಬಾಧಿಸಿತು. ಪಕ್ಕದಲ್ಲಿ ಕುಳಿತಿದ್ದ ಮುದುಕರೊಬ್ಬರ ದಾರವೂ ನನ್ನದರಷ್ಟೇ ತೆಳುವಾದುದು. ಅವರ ಕೋಲಾದರೋ ತುದಿಯಲ್ಲಿ ಕಡ್ಡಿಯಷ್ಟು ಸಣ್ಣ. ಮೀನು ಎಳೆದಾಗ ಬಿಲ್ಲಿನಂತೆ ಬಾಗಿ, ಮೀನು ಸಡಿಲಬಿಟ್ಟಾಗ ತಾನಾಗಿ ಏಳುತ್ತಿದ್ದಿತು. ಅವರು ಅವಸರವಿಲ್ಲದೆ ನನ್ನದಕ್ಕಿಂತ ದೊಡ್ಡ ಮೀನನ್ನು ದಡಕ್ಕೆ ತಂದರು.

ಕೋಲು ಒಂದು ಸನ್ನೆಗೋಲಷ್ಟೆ; ಆದರೆ ಮಿಕ್ಕ ಸನ್ನೆಗೋಲುಗಳಂತೆ ಹಿಡಿದವನಿಗೆ ಅನುಕೂಲವಾದುದಲ್ಲ, ಮೀನಿಗೆ ಅನುಕೂಲವಾದುದು. ಕೋಲಿನ ಬುಡವನ್ನು ಹೊಟ್ಟೆಗೆ ಆನಿಸಿ, ಅಲ್ಲಿಂದ ೨ ಅಡಿ ಮೇಲೆ ಕೈಯಿಟ್ಟಿದ್ದೀರೆಂದು ಭಾವಿಸಿರಿ. ೧೨ ಅಡಿ ಆಚೆಯ ತುದಿಯನ್ನು ಮೀನು ಅಡ್ಡಲಾಗಿ ೧ ಕಿಲೋ ಬಲದಿಂದ ಎಳೆದರೆ, ನಿಮ್ಮ ಕೈ ೬ ಕಿಲೋ ಬಲವನ್ನು ಹಾಕಬೇಕಾಗುವುದು. ಈಗ ಕೋಲು ಚೆನ್ನಾಗಿ ಬಾಗಿತೆನ್ನಿರಿ. ದಾರದ ಎಳೆತವು ಹೊಟ್ಟೆಯಿಂದ ೬ ಅಡಿ ದೂರದಲ್ಲಿ ಹಾದುಹೋಗುವಂತಾಯಿತೆನ್ನಿರಿ. ದಾರದ ಮೇಲಿನ ಎಳೆತ ಅದೇ ೧ ಕಿಲೋ. ಕೈಯ ಭಾರ ಮಾತ್ರ ೩ ಕಿಲೋಗೆ ಇಳಿಯಿತು. ಬಾಗಿದ ಕೋಲು ದುರ್ಬಲವೆಂದು ತಿಳಿಯುವವರು ಈ ಲೆಕ್ಕವನ್ನು ಎರಡು ಸಲ ಓದಬೇಕು.

ಇದಕ್ಕಿಂತ ಮುಖ್ಯವಾದುದು ಇನ್ನೊಂದುಂಟು. ದಾರವು ಕಡಿಯುವುದು ಮೀನಿನ ತೂಕದಿಂದಲ್ಲ, ಅದು ಥಟ್ಟನೆ ನುಗ್ಗುವ ಪೆಟ್ಟಿನಿಂದ. ಮೀನು ಎರಡಡಿ ನುಗ್ಗಿದಾಗ ಕೋಲಿನ ತುದಿಯೂ ಎರಡಡಿ ಹಿಂಬಾಲಿಸಿದರೆ, ಎಳೆತವು ಮೆಲ್ಲಗೆ ಏರುವುದು. ತುದಿ ನಾಲ್ಕು ಬೆರಳಷ್ಟೇ ಹೋಗಿ ನಿಂತರೆ ಪೆಟ್ಟೆಲ್ಲವೂ ದಾರದ ಮೇಲೆ, ಅದರಲ್ಲಿಯೂ ಅದರ ಗಂಟಿನ ಮೇಲೆ ಬೀಳುವುದು. ಸುತ್ತುಗಾಲಿಯುಳ್ಳ ಕೋಲಾದರೆ ದಾರವನ್ನು ಬಿಟ್ಟುಕೊಡಬಹುದು. ಬರಿಯ ಬಿದಿರಿನವನಿಗೆ ಬಾಗೊಂದೇ ಗತಿ. ದಾರವು ಮೀನಿನ ಕಡೆಗೆ ನೇರವಾಗುವಂತೆ ಕೋಲನ್ನು ಚಾಚಿದರೆ ಆ ಬಾಗೂ ಇಲ್ಲವಾಗುವುದು. ಹಾಗೆಂದು, ಮೀನು ಕಾಲ ಬಳಿಗೆ ಬಂದಾಗ ಕೋಲನ್ನು ತಲೆಯ ಹಿಂದಕ್ಕೆ ಎತ್ತಿ ಹಿಡಿಯಲೂ ಬಾರದು. ಆಗ ಬಾಗೆಲ್ಲವೂ ಸಣ್ಣ ತುದಿಗೆ ಸೇರಿ ಅದು ಮುರಿಯುವುದು.

ಕೋಲುಗಳನ್ನು ಬಲ್ಲವರು ಎರಡು ಗುಣಗಳನ್ನು ಬೇರೆ ಬೇರೆಯಾಗಿ ಎಣಿಸುವರು. ಎಷ್ಟು ಭಾರಕ್ಕೆ ಬಾಗುವುದು ಎಂಬುದು ಒಂದು. ಎಲ್ಲಿ ಬಾಗುವುದು ಎಂಬುದು ಇನ್ನೊಂದು. ತುದಿಯ ಮೂರನೆಯ ಒಂದು ಪಾಲು ಮಾತ್ರ ಬಾಗುವ ಕೋಲು ಬೇಗನೆ ನೆಟ್ಟಗಾಗುವುದು. ಹಗುರವಾದ ಎರೆಯನ್ನು ಗುರಿಯಿಟ್ಟು ಎಸೆಯಲಿಕ್ಕೂ, ಗಟ್ಟಿಬಾಯಿಯ ಮೀನಿಗೆ ಕೊಕ್ಕೆಯನ್ನು ನಾಟಿಸಲಿಕ್ಕೂ ಒಳ್ಳೆಯದು. ಬುಡದವರೆಗೂ ಬಾಗುವುದು ನಿಧಾನವಾಗಿ ಬೀಸುವುದು. ಮೀನಿನ ನುಗ್ಗನ್ನು ಚೆನ್ನಾಗಿ ತಾಳುವುದು. ಎಸೆಯುವಾಗ ನಡೆಯುವುದು ಇಷ್ಟೆ: ಹಿಂದಕ್ಕೆ ತಂದ ಕೋಲನ್ನು ಮುಂದಕ್ಕೆ ಬೀಸಿದಾಗ ಎರೆಯ ಭಾರವು ಹಿಂದೆ ಉಳಿದು ಕೋಲನ್ನು ಬಾಗಿಸುವುದು, ಕೈ ನಿಂತಾಗ ಕೋಲು ನೆಟ್ಟಗಾಗಿ ಆ ಬಲವನ್ನು ಎರೆಗೆ ಹಿಂದಿರುಗಿಸುವುದು. ಎರೆ ತೀರ ಹಗುರವಾದರೆ ಕೋಲು ಬಾಗದು, ಎಲ್ಲವೂ ತೋಳಿನ ಶ್ರಮವೇ. ತೀರ ಭಾರವಾದರೆ ತುದಿ ಕುಸಿದು ಎಸೆತ ಕೆಡುವುದು.

ಇದಕ್ಕೆ ಒಳ್ಳೆಯ ನಿದರ್ಶನವು ರಾಗಿಯ ಉಂಡೆ. ಮಳವಳ್ಳಿ ತಾಲ್ಲೂಕಿನ ಮುತ್ತತ್ತಿ, ಭೀಮೇಶ್ವರಿಗಳ ಕಡೆ ಕಾವೇರಿಯಲ್ಲಿ ಬಿಳಿಮೀನಿಗೆ, ಎಂದರೆ ಮಹಶೀರಿಗೆ, ಬೇಯಿಸಿದ ರಾಗಿಹಿಟ್ಟಿನ ಉಂಡೆಯನ್ನೇ ಎರೆಯಾಗಿ ಕಟ್ಟುತ್ತಿದ್ದರು. ಬಿಗಿಯಾದ ಕೋಲಿನಿಂದ ಚಾಟಿಯಂತೆ ಬೀಸಿದರೆ ಉಂಡೆ ಒಂದು ಕಡೆ, ಕೊಕ್ಕೆ ಒಂದು ಕಡೆ. ಮುದ್ದೆ ಉಂಡು ಬೆಳೆದ ನಮಗೆ ಇದನ್ನು ವಿವರಿಸಬೇಕಾದುದಿಲ್ಲ. ಇಡೀ ಮೈ ಬಾಗುವ ಕೋಲನ್ನು ನಿಧಾನವಾಗಿ ಬೀಸಿದರೇ ಅದು ನೀರು ಸೇರುವುದು. ಈ ಮೀನಾದರೋ ಸಾಮಾನ್ಯವಾದುದಲ್ಲ. ೧೯೪೬ರಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ ಎಂಬುವರು ಕಬಿನಿಯಲ್ಲಿ ಹಿಡಿದುದು ೧೨೦ ಪೌಂಡು, ಸುಮಾರು ೫೪ ಕಿಲೋ ತೂಗಿತು. ಕಾವೇರಿಯ ಈ ಡುಬ್ಬದ ಮಹಶೀರು ೨೦೧೮ರಲ್ಲಿ ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಯನ್ನು ಸೇರಿತು. ಭೀಮೇಶ್ವರಿಯ ಕಡೆಯ ಗಾಳದ ಬೀಡುಗಳು ಅದಕ್ಕೆ ಮೊದಲೇ ನಿಂತುಹೋಗಿದ್ದುವು. ೧೯೮೭ರಲ್ಲಿ ಸ್ಥಾಪಿತವಾದ ಕಾವೇರಿ ವನ್ಯಧಾಮದ ಎಲ್ಲೆಯೊಳಗೆ ಯಾರೂ ಕೋಲು ಹಿಡಿದು ಹೋಗಬಾರದು. ನಮ್ಮ ಮಾತು ಊರ ಕೆರೆಯದು; ಅಲ್ಲಿಯೂ ಗುತ್ತಿಗೆ ಹಿಡಿದವರನ್ನು ಕೇಳಿಯೇ ಗಾಳ ಹಾಕತಕ್ಕದ್ದು.

ಮನೆಮಂದಿ ಓದುವ ಪತ್ರಿಕೆಯಲ್ಲಿ ಇದೇನು ಮೀನಿನ ಪ್ರಸ್ತಾಪವೆಂದು ಮೂಗು ಮುರಿಯುವ ಹಿರಿಯರಿಗೆ ಒಂದು ಮಾತು: ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದಕ್ಕೆ ಪ್ರತ್ಯೇಕವಾದ ಪ್ರಕರಣವೇ ಇದೆ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸರು ಭಾರತದಲ್ಲಿ ಗಾಳ ಹಾಕುವುದನ್ನು ಕುರಿತು ಬರೆದ ಹೆಸರಾಂತ ಪುಸ್ತಕವು ೧೮೭೩ರಲ್ಲಿ ಹೊರಬಂದಿತು.

ಇನ್ನು ಕೋಲನ್ನು ಆರಿಸುವ ವಿಚಾರ. ಬಿದಿರಿನ ಬಲವಿರುವುದು ಅದರ ಹೊರಮೈಯ ನಾರಿನಲ್ಲಿ. ಅಂದವಾಗಲೆಂದು ಸಿಪ್ಪೆಯನ್ನು ಹೆರೆದು ನುಣುಪು ಮಾಡುವವನು ಕೋಲಿನ ಪ್ರಾಣವನ್ನೇ ಹೆರೆಯುವನು. ಪಾಶ್ಚಾತ್ಯರು ಆ ನಾರನ್ನೇ ಉಳಿಸಿಕೊಂಡು, ಬಿದಿರನ್ನು ಆರು ಮುಮ್ಮೂಲೆಯ ಸೀಳುಗಳಾಗಿ ಮಾಡಿ ಅಂಟಿಸಿ ಕೋಲು ಕಟ್ಟಿದರು. ಮೊದಲು ಅವರಿಗೆ ಬಿದಿರು ಕಲ್ಕತ್ತೆಯಿಂದ ಹೋಗುತ್ತಿದ್ದಿತು, ಬಳಿಕ ದಕ್ಷಿಣ ಚೀನದಿಂದ. ಎರಡನೆಯ ಮಹಾಯುದ್ಧದ ತರುವಾಯ ಗಾಜಿನ ನಾರಿನ ಕೋಲುಗಳೂ, ೧೯೭೦ರ ದಶಕದಲ್ಲಿ ಇಂಗಾಲದ ನಾರಿನವೂ ಬಂದುವು. ದಪ್ಪದ ವಿಷಯದಲ್ಲಿ ಕೈಗೆ ಮೋಸವಾಗುವುದು ಸುಲಭ. ಒಂದೇ ಬಗೆಯ ಗಟ್ಟಿ ಕೋಲುಗಳೆರಡರಲ್ಲಿ ಒಂದು ಕಾಲುಪಾಲು ಹೆಚ್ಚು ದಪ್ಪವಾಗಿದ್ದರೆ, ಅದರ ಬಿಗುವು ಕಾಲುಪಾಲು ಹೆಚ್ಚುವುದಿಲ್ಲ. ಸುಮಾರು ಎರಡೂವರೆ ಪಟ್ಟು ಆಗುವುದು.

ಆದುದರಿಂದ ಕೋಲನ್ನು ಅಲ್ಲಾಡಿಸಿ ನೋಡಿ ಕೊಳ್ಳಬೇಡಿರಿ. ಬುಡವನ್ನು ಒಬ್ಬರು ಬಿಗಿಯಾಗಿ ಹಿಡಿಯಲಿ. ತುದಿಗೆ ಕಾಲು ಕಿಲೋ, ಆಮೇಲೆ ಅರ್ಧ ಕಿಲೋ ತೂಗುಹಾಕಿ, ಬಾಗು ಎಲ್ಲಿಂದ ಮೊದಲಾಗಿ ಎಲ್ಲಿಯವರೆಗೆ ಇಳಿಯುವುದೆಂದು ಪಕ್ಕದಿಂದ ನೋಡಿರಿ. ಭಾರವು ಹೆಚ್ಚಿದಂತೆ ಬಾಗು ತುದಿಯಿಂದ ನಡುವಿಗೆ ಒಂದೇ ಸಮನಾಗಿ ಇಳಿದುಬಂದರೆ ಅದು ಕೆರೆಯ ಕೆಲಸಕ್ಕೆ ತಕ್ಕ ಕೋಲು. ಎಲ್ಲಾದರೂ ಮೂಲೆಯಂತೆ ಮಡಿಚಿಕೊಂಡರೆ ಅಲ್ಲಿಯೇ ಅದು ಮುರಿಯುವುದೆಂದು ತಿಳಿಯಿರಿ. ತೀರ ಮೆದುವಾದುದನ್ನೂ ಬಿಡಿರಿ. ಜೊಂಡಿಗೆ ನುಗ್ಗುವ ಕೊರವನನ್ನು ಅದು ತಿರುಗಿಸಲಾರದು.

ಹೆತ್ತವರಿಗೆ ಒಂದು ಎಚ್ಚರಿಕೆ. ಇಂಗಾಲದ ನಾರಿನ ಕೋಲು ವಿದ್ಯುತ್ತನ್ನು ಹರಿಯಗೊಡುವುದು. ನೆನೆದ ಬಿದಿರೂ ಅಷ್ಟೆ. ನಮ್ಮ ಕಬ್ಬಿನ ಗದ್ದೆ ಕೆರೆ ಕಾಲುವೆಗಳ ಮೇಲೆ ತಂತಿಗಳು ಎಲ್ಲೆಲ್ಲಿಯೂ ಹಾದುಹೋಗಿವೆ. ತಂತಿಯ ಕೆಳಗೆ ಕೋಲನ್ನು ಎತ್ತಲೇಬಾರದೆಂದೂ, ಏರಿಗೆ ಹೋಗುವಾಗ ಅದನ್ನು ನೆಲಕ್ಕೆ ಸಮನಾಗಿ ಹಿಡಿದು ನಡೆಯಬೇಕೆಂದೂ, ಗುಡುಗಿದ ಕೂಡಲೆ ಕೆಳಗಿಟ್ಟು ಮನೆಗೆ ಬರಬೇಕೆಂದೂ ಹುಡುಗರಿಗೆ ಕೋಲು ಕೊಡುವ ದಿನವೇ ಹೇಳಿಬಿಡಿರಿ.

ನನ್ನ ಆ ದಪ್ಪ ಬಿದಿರು ಈಗ ಹಿತ್ತಲಿನ ಚಪ್ಪರದವರೆಗೆ ಗೂಟವಾಗಿದೆ. ಅಲ್ಲಿ ಅದು ಬಾಗದೆ ನಿಂತಿರುವುದು ಎಲ್ಲರಿಗೂ ಒಪ್ಪಿಗೆಯೇ.